ಒಂದೇ ಹಾಡಿನ ಪರ್ಸಿ ಅಂಕಲ್ಲೂ ಒಂದೇ ಐಟಂನ ನಾನೂ

ಕಾರ್ಯಕ್ರಮ ಸಂಘಟಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಇದು ನನ್ನ ಮಾತಲ್ಲ, ಸಿಂಗಾಪುರದ ಕನ್ನಡಿಗರೆಲ್ಲ ಹೇಳುವ ಮಾತು. ಎಲ್ಲರೂ ಅಲ್ಲದಿದ್ದರೂ ಒಂದಿಬ್ಬರು ಹೇಳುತ್ತಾರೆ. ಹೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತದೆ. ಯುಗಾದಿಯಿರಲಿ, ಸೀಮಂತವಿರಲಿ, ಮೈಕು ಎಲ್ಲಿದೆಯೋ ನಾನು ಅಲ್ಲಿರುತ್ತೇನೆ. ತಂಜಾಂಗ್ ಪಗಾರಿನ ಆಫೀಸಿನಲ್ಲಿ ವಾರವಿಡೀ ನನ್ನ ಮಾತನ್ನು ಯಾರೂ ಕೇಳುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಮೈಕು ಹಿಡಿಯುವುದು ನನ್ನ ಆರೋಗ್ಯಕ್ಕೂ ಒಳ್ಳೆಯದು.

ಮೈಕು ಹಿಡಿದ ಮೇಲೆ ಜನ ನನ್ನಿಂದ ಬಯಸುವುದು ಮಾತ್ರ ಒಂದನ್ನೇ. ಅದು ಕಂಡಕ್ಟರ್ ಐಟಂ. ಬಹಳ ವರ್ಷಗಳ ಹಿಂದೆ ಒಂದು ಯುಗಾದಿ ಕಾರ್ಯಕ್ರಮದಲ್ಲಿ ಗಾಯಕಿಯೊಬ್ಬರು ಬರುವುದು ತಡವಾಯಿತೆಂದು, ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರನ್ನು ಅನುಕರಣೆ ಮಾಡಿ ತೋರಿಸಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಯಾರ ಮನೆಗೆ ಹೋದರೂ ಕಾಫಿಗೆ ಮುಂಚೆ ಅದೇ ಬೇಡಿಕೆ. ಅದಾದ ಮೇಲೆ ನಾನು ಎಷ್ಟೋ ಹೊಸ ಐಟಂ ಬರೆದೆ. ಅವು ಇನ್ನೂ ಜೇಬಿನಲ್ಲೇ ಇವೆ.

ಇರಲಿ, ಕಥೆ ನನ್ನದಲ್ಲ, ನಮ್ಮ ಮಾವನವರದು. ಅವರು ಮೈಸೂರಿನ ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಅತ್ತೆಯವರು ಹೋದ ಮೇಲೆ ಇದೇ ಮೊದಲ ಸಲ ನಮ್ಮಲ್ಲಿಗೆ ಬಂದಿದ್ದರು. ಮಾತು ಕಡಿಮೆ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಮದುವೆಯಾದಾಗಿನಿಂದ ನನ್ನನ್ನು ಅವರು ತಪ್ಪು ಉತ್ತರ ಬಂದ ಲೆಕ್ಕದ ಹಾಗೆ ನೋಡುತ್ತ ಬಂದಿದ್ದಾರೆ, ಎಲ್ಲಿ ತಪ್ಪಾಯಿತೆಂದು ಹುಡುಕುವವರಂತೆ. ಅವರ ಬಾಯಲ್ಲಿ ಒಮ್ಮೆ "ಪರವಾಗಿಲ್ಲ ನಮ್ಮ ಅಳಿಯ" ಎನ್ನಿಸಿಕೊಳ್ಳಬೇಕೆಂಬುದು ನನ್ನ ಜೀವನದ ದೊಡ್ಡ ಆಸೆ.

ಅಂಥ ಮಾವ ಒಂದು ದಿನ ಸಾರನ್ನ ಕಲೆಸುತ್ತ ತಾವಾಗಿಯೇ ಬಾಯಿ ಬಿಟ್ಟರು. "ಅಳಿಯಂದ್ರೇ, ನಿಮ್ಮ ಸಿಂಗಾಪುರದಲ್ಲಿ ಆಗಿನ ಕಾಲದಲ್ಲಿ ಪರ್ಸಿ ಅಂತ ಒಬ್ಬ ಹಾಡುಗಾರ ಇದ್ದ. ನಾನು ಹಾಸ್ಟೆಲ್‌ನಲ್ಲಿದ್ದಾಗ ನಮ್ಮ ರೂಮ್‌ಮೇಟ್ ಹತ್ರ ಅವನದೊಂದು ರೆಕಾರ್ಡ್ ಇತ್ತು. ಸಾಯೋದರೊಳಗೆ ಆ ಹಾಡು ಇನ್ನೊಂದ್ಸಲ ಕೇಳ್ಬೇಕು ಅಂತ ಆಸೆ. ಎಷ್ಟು ಹುಡುಕಿದ್ರೂ ಎಲ್ಲೂ ಸಿಗಲಿಲ್ಲ."

ನಾನು ಮೇಜಿನ ಕೆಳಗೇ ಮೊಬೈಲ್ ತೆಗೆದು ಹುಡುಕಿದೆ. ಕೈ ತೊಳೆಯುವುದರೊಳಗೆ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಇಡೀ ದ್ವೀಪವನ್ನೇ ಕುಣಿಸಿದ ಹಾಡು, 'ರೋಸಿ, ರನ್ ಫಾರ್ ದಿ ಫೆರಿ'. ರೋಸಿ ಎಂಬ ಹುಡುಗಿ ದೋಣಿ ಹಿಡಿಯಲು ಓಡುತ್ತಾಳೆ, ದೋಣಿ 'ಪೋಂ ಪೋಂ' ಎನ್ನುತ್ತದೆ, ಅಷ್ಟೇ ವಿಷಯ. ಆ ಒಂದು ಹಾಡು ಬಿಟ್ಟರೆ ಪರ್ಸಿಯವರ ಹೆಸರಿನಲ್ಲಿ ಬೇರೇನೂ ಇರಲಿಲ್ಲ. ಇಷ್ಟು ಸುಲಭವಾಗಿ ಸಿಗುವುದನ್ನು ಸಿಗಲಿಲ್ಲ ಎನ್ನುತ್ತಾರಲ್ಲ, ಗಣಿತದ ಮೇಷ್ಟರಿಗೆ ಮೊಬೈಲಿನಲ್ಲಿ ಹುಡುಕಲು ಬರುವುದಿಲ್ಲ ಎಂದುಕೊಂಡೆ. ಯಾವ ಹಾಡು ಎಂದು ಕೇಳುವ ಪ್ರಶ್ನೆಯೇ ಬರಲಿಲ್ಲ. ಒಂದೇ ಹಾಡು ಇರುವವನ ವಿಷಯದಲ್ಲಿ ಯಾವ ಹಾಡು ಎಂದು ಯಾರಾದರೂ ಕೇಳುತ್ತಾರೆಯೇ?

ನನ್ನ ಹೆಂಡತಿ ಮಾಲಿನಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ಮೊಬೈಲಲ್ಲಿ ಹಾಕಿ ಕೇಳಿಸ್ಬಿಡ್ರೀ, ಪಾಪ. ಮುಗೀತು."

"ಮುಗೀತು ಅಂದ್ರೆ? ಮುಂದಿನ ಭಾನುವಾರ ಅವರಿಗೆ ಎಪ್ಪತ್ತೈದು ತುಂಬುತ್ತೆ. ಆ ಪರ್ಸಿಯನ್ನೇ ಕರೆಸಿ ಎದುರಿಗೆ ಕೂರಿಸಿ ಹಾಡಿಸ್ತೀನಿ. ಸರ್‌ಪ್ರೈಸ್."

"ಬೇಡ ರೀ. ನೀವು ಸರ್‌ಪ್ರೈಸ್ ಅಂದಾಗೆಲ್ಲ ನನಗೆ ಬಿಪಿ ಏರುತ್ತೆ."

ಪರ್ಸಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಎಂದು ನಾನು ಪತ್ತೇದಾರನ ಹಾಗೆ ಯೋಜನೆ ಹಾಕುತ್ತಿರುವಾಗ ಮಗಳು ನಿಧಿ ತಲೆ ಎತ್ತದೆ ಹೇಳಿದಳು. ಅವಳು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲಿಯೇ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಅಂಟಿಸದಿದ್ದರೆ ಅವಳಿಗೆ ಮಾತು ಮುಗಿಯುವುದಿಲ್ಲ. "ಪರ್ಸಿ ಅಂಕಲ್ ಅಲ್ವಾ ಅಪ್ಪಾ? ನೆಕ್ಸ್ಟ್ ಬ್ಲಾಕ್ ಲಾ. ಕೆಳಗಡೆ ಕಾಫಿ ಶಾಪಲ್ಲಿ ದಿನಾ ಕೂತಿರ್ತಾರೆ. ಎಲ್ಲರಿಗೂ ಗೊತ್ತು." ನನ್ನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಹೋಗಿ ನೋಡಿದರೆ, ನಾನೇ ಎಷ್ಟೋ ಸಲ ಲಿಫ್ಟಿನ ಬಳಿ ನಮಸ್ಕರಿಸಿದ್ದ ಉದ್ದನೆಯ ತೆಳ್ಳನೆಯ ಮುದುಕರು. ಕೂದಲಿಗೆ ಅಚ್ಚುಕಟ್ಟಾಗಿ ಬಣ್ಣ, ಮುಂದೆ ಒಂದು ಕಾಫಿ. ಹಾಡಿನ ಗಲಾಟೆ ತಣ್ಣಗಾದ ಮೇಲೆ ಅವರು ಪಾಸಿರ್ ಪಂಜಾಂಗಿನ ಬಂದರಿನಲ್ಲಿ ಶಿಫ್ಟ್ ಕೆಲಸ ಮಾಡಿ ನಿವೃತ್ತರಾಗಿದ್ದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲೇ ಹೇಳುತ್ತೇನೆ, 'ಲಾ' ಮಾತ್ರ ಅವರದೇ.

ಇಂಡಿಯಾದಲ್ಲಿ ಒಬ್ಬ ಅಭಿಮಾನಿ ಎಂದಾಗ ಅವರ ಕಣ್ಣು ಅರಳಿತು. "ಹೌದಾ? ಅವರಿಗೆ ನನ್ನ ಯಾವ ಹಾಡು ಇಷ್ಟ?"

ನಾನು ಕಣ್ಣು ಮಿಟುಕಿಸಿದೆ. "ಇನ್ಯಾವುದು ಅಂಕಲ್? ಪೋಂ ಪೋಂ."

ಅರಳಿದ ಕಣ್ಣು ಮುದುಡಿತು. "ಅದು ಬೇಡ ಲಾ. ಅದನ್ನು ಹಾಡೋದು ಬಿಟ್ಟು ಬಹಳ ಕಾಲ ಆಯ್ತು. ಬೇರೆ ಹಾಡುಗಳಿವೆ, ಅವನ್ನು ಬಂದು ಹಾಡ್ತೀನಿ."

ಇಲ್ಲಿ ನಮ್ಮವರ ಒಂದು ಸಂಪ್ರದಾಯವನ್ನು ನೆನಪಿಸಬೇಕು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ನಾವು ಎಲೆಗೆ ಅಡ್ಡವಾಗಿ ಎರಡೂ ಕೈ ಹಿಡಿದು "ಬೇಡ, ಬೇಡ, ಸಾಕು" ಎನ್ನುತ್ತೇವೆ. ಬಡಿಸುವವರು ಅದನ್ನು ನಂಬಿ ಮುಂದಕ್ಕೆ ಹೋದರೆ ಜನ್ಮವಿಡೀ ಅವರನ್ನು ಕ್ಷಮಿಸುವುದಿಲ್ಲ. ಬೇಡ ಎಂದರೆ ಹಾಕಿ ಎಂದರ್ಥ. ಎರಡು ಸಲ ಬೇಡ ಎಂದರೆ ಎರಡು ಹಾಕಿ ಎಂದರ್ಥ. ಪರ್ಸಿ ಅಂಕಲ್‌ರ 'ಬೇಡ'ವನ್ನೂ ನಾನು ಹಾಗೆಯೇ ತೆಗೆದುಕೊಂಡೆ. ಎಂಥ ಸಂಕೋಚದ ಮನುಷ್ಯ, ಪಾಪ, ಬಲವಂತ ಮಾಡಿದರೆ ಹಾಡುತ್ತಾರೆ ಎಂದು ಮನೆಗೆ ಬಂದೆ.

ಭಾನುವಾರ ಬಂತು. ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಕಂಬಗಳ ನಡುವಿನ ಆ ತೆರೆದ ಜಾಗದಲ್ಲಿ, ಕುರ್ಚಿ ಹಾಕಿಸಿದೆ. ಮೈಕು, ಸ್ಪೀಕರ್, ಹಿಂದೆ ಬಲೂನು. ಕನ್ನಡ ಗೆಳೆಯರ ಸಂಸಾರಗಳೆಲ್ಲ ಬಂದವು. ಮಾವ ರೇಷ್ಮೆ ಪಂಚೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ಪರ್ಸಿ ಅಂಕಲ್ ಇಸ್ತ್ರಿ ಮಾಡಿದ ಹೂವಿನ ಶರ್ಟ್ ತೊಟ್ಟು ಗಿಟಾರ್ ಹಿಡಿದು ಬಂದರು. ಅವರನ್ನು ಕಂಡು ಇವರು ಯಾರೆಂದು ಮಾವ ಕೇಳಿದರು. "ಸ್ವಲ್ಪ ತಾಳಿ ಮಾವ" ಎಂದು ನಾನು ನಿಗೂಢವಾಗಿ ನಕ್ಕೆ.

ಮೊದಲ ತಪ್ಪು ಊಟ. ಊಟ ಮೊದಲು, ಹಾಡು ಆಮೇಲೆ ಎಂದು ಇಟ್ಟಿದ್ದೆ. ಅಂಕಲ್ ಒಂದು ಹೋಳಿಗೆ ತಿಂದು ಬೇಡ ಎಂದರು. ನಾನು ಇನ್ನೊಂದು ಹಾಕಿದೆ. ನಿಜವಾಗಿ ಬೇಡ ಎಂದರು. ಅದರ ಮೇಲೆ ತುಪ್ಪ ಹಾಕಿದೆ. ಮಾಲಿನಿ ನನ್ನ ಕೈಯಿಂದ ತಟ್ಟೆ ಕಿತ್ತುಕೊಳ್ಳುವ ಹೊತ್ತಿಗೆ ಅಂಕಲ್‌ರ ಹಣೆಯಲ್ಲಿ ಬೆವರು ಮೂಡಿತ್ತು.

ಎರಡನೆಯದು ಸನ್ಮಾನ. ಕನ್ನಡಿಗರ ಸಭೆಗೆ ಬಂದವರು ಸನ್ಮಾನ ಮಾಡಿಸಿಕೊಳ್ಳದೆ ಹೋಗುವುದುಂಟೇ? ಶಾಲು ಹೊದಿಸಿದೆ. ಹಾರ ಹಾಕಿದೆ. ಮೈಸೂರು ಪೇಟ ತೊಡಿಸಿದೆ. ಪೇಟದ ಅಳತೆ ಮಾವನ ತಲೆಯದು, ಅಂಕಲ್ಲಿಗೆ ಹುಬ್ಬಿನ ತನಕ ಇಳಿಯಿತು. ಹಣ್ಣಿನ ಬುಟ್ಟಿಯನ್ನು ಕೈಗೆ ಕೊಟ್ಟಾಗ ಗಿಟಾರ್ ಎಲ್ಲಿಡಬೇಕೆಂದು ತಿಳಿಯದೆ ಅವರು ಸ್ವಲ್ಪ ಹೊತ್ತು ಸುತ್ತಿದರು.

ಮೂರನೆಯದು ನನ್ನ ಪ್ರಾಸ್ತಾವಿಕ ಭಾಷಣ. "ಮಾನ್ಯರೇ, ಕೆಲವರು ಸಾವಿರ ಹಾಡು ಹಾಡಿಯೂ ಮರೆತುಹೋಗುತ್ತಾರೆ. ಆದರೆ ನಮ್ಮ ಇಂದಿನ ಅತಿಥಿಗಳು ಜೀವನದಲ್ಲಿ ಒಂದೇ ಒಂದು, ಕೇವಲ ಒಂದೇ ಒಂದು ಹಾಡಿನಿಂದ ಅಮರರಾದ ಪರ್ಸಿಯವರು" ಎಂದು ಆರಂಭಿಸಿದೆ. ಅಂಕಲ್ಲಿಗೆ ಅರ್ಥವಾಗಲಿ ಎಂಬ ಸೌಜನ್ಯದಿಂದ ಇಂಗ್ಲಿಷಿನಲ್ಲೂ ಹೇಳಿದೆ. 'ಓನ್ಲಿ ವನ್ ಸಾಂಗ್' ಎಂಬುದನ್ನು ಬೆರಳೆತ್ತಿ ಒತ್ತಿ ಹೇಳಿದೆ. ಮುಂದಿನ ಸಾಲಿನಲ್ಲಿ ಮಾವ ಪರ್ಸಿ ಎಂಬ ಹೆಸರು ಕೇಳಿದ್ದೇ ಕುರ್ಚಿಯ ತುದಿಗೆ ಬಂದರು. ನನ್ನ ಎದೆ ಉಬ್ಬಿತು. "ಪರವಾಗಿಲ್ಲ ನಮ್ಮ ಅಳಿಯ" ಇನ್ನೇನು ಬಂತು ಎಂದುಕೊಂಡೆ.

ಅಂಕಲ್ ಪೇಟವನ್ನು ಹಿಂದಕ್ಕೆ ತಳ್ಳಿ ಹಾಡಲು ಶುರುಮಾಡಿದರು. ರೋಸಿಯಲ್ಲ. ಪೋಂ ಇಲ್ಲ, ಓಟವಿಲ್ಲ. ದಡದಲ್ಲಿ ದೀಪಗಳು ಉರಿಯುತ್ತಿವೆ, ಯಾರೋ ಕಾಯುತ್ತಿದ್ದಾರೆ ಎಂಬಂಥ ನಿಧಾನದ ಹಾಡು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಂದು ಚರಣ ಮುಗಿಯಿತು, ಇನ್ನೊಂದು ಶುರುವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಮಾವನ ಕಡೆ ನೋಡಿದೆ. ಕಣ್ಣು ಮುಚ್ಚಿದ್ದರು! ಹುಟ್ಟುಹಬ್ಬದ ದಿನ ಅವರನ್ನು ನಿದ್ದೆಗೆ ಕಳಿಸಿಬಿಟ್ಟೆವಲ್ಲ ಎಂದು ನನಗೆ ಗಾಬರಿಯಾಯಿತು. ಮಾಲಿನಿಯೂ ದೂರದಿಂದ ಎರಡೂ ಕೈ ಬೀಸುತ್ತಿದ್ದಳು. ನಿಲ್ಲಿಸಿ ಎನ್ನುತ್ತಿದ್ದಾಳೆಂದು ತಿಳಿದೆ.

ನಿಲ್ಲಿಸಿದೆ. ಚಪ್ಪಾಳೆ ತಟ್ಟುತ್ತ ಮೈಕನ್ನು ಅವರ ಬಾಯಿಯ ಮುಂದಿನಿಂದ ಎಳೆದುಕೊಂಡು, "ಸುಂದರ, ಅತಿಸುಂದರ. ಈಗ ನಾವೆಲ್ಲ ಕಾಯುತ್ತಿರುವ ಆ ಹಾಡು" ಎಂದೆ.

ಅಂಕಲ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದರು. "ಅದನ್ನು ಹಾಡಲ್ಲ ಅಂದಿದ್ದೆ ಲಾ."

"ಸಂಕೋಚ ಬೇಡಿ ಅಂಕಲ್."

"ಸಂಕೋಚ ಅಲ್ಲ. ಮದುವೆಯಲ್ಲಿ ಅದೇ ಕೇಳಿದರು, ಬಂದರಿನಲ್ಲಿ ಅದೇ, ಆಸ್ಪತ್ರೆಯಲ್ಲಿ ನರ್ಸ್ ಕೂಡ ಅದೇ. ನನ್ನ ಹೆಂಡತಿ ತೀರಿಕೊಂಡಾಗ ನೋಡಲು ಬಂದವನೊಬ್ಬ, ಆಕೆಯ ನೆನಪಿಗೆ ಒಂದು ಸಲ ಪೋಂ ಪೋಂ ಹಾಡು ಅಂದ. ಅವತ್ತು ಬಿಟ್ಟೆ."

ಇಷ್ಟು ಕೇಳಿದ ಮೇಲೆ ಮನುಷ್ಯನಾದವನು ಸುಮ್ಮನಾಗುತ್ತಾನೆ. ನಾನು ಸಂಘಟಕ. "ಅಳಿಯಂದ್ರೇ" ಎಂದು ಮಾವ ಎದ್ದರು. "ನೀವು ಕೂತ್ಕೊಳ್ಳಿ ಮಾವ, ನಾನು ನೋಡ್ಕೋತೀನಿ" ಎಂದೆ. ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಆ ಹಾಡಿನ ಕರೋಕೆ ಸಂಗೀತ ಹಾಕಿದೆ. ಸಂಗೀತ ಕಿವಿಗೆ ಬಿದ್ದರೆ ಹಾಡುಗಾರನ ಬಾಯಿ ತಾನಾಗಿ ತೆರೆಯುತ್ತದೆ ಎಂಬುದು ನನ್ನ ಲೆಕ್ಕ. ಅಂಕಲ್‌ರ ಬಾಯಿ ತೆರೆಯಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಮಂದಿ ಮಾತ್ರ ತರಕಾರಿ ಚೀಲ ಹಿಡಿದು ಒಳಗೆ ಬಂದು ನಿಂತರು. ಒಬ್ಬ ಅಜ್ಜಿ ಆಗಲೇ ಸೊಂಟ ತೂಗುತ್ತಿದ್ದರು.

"ಅಳಿಯಂದ್ರೇ, ಒಂದು ನಿಮಿಷ" ಎಂದು ಮಾವ ಮತ್ತೆ ಎದ್ದರು.

"ಎಲ್ಲಾ ಕಂಟ್ರೋಲ್‌ನಲ್ಲಿದೆ ಮಾವ, ಕೂತ್ಕೊಳ್ಳಿ."

ಸಂಗೀತ ಓಡುತ್ತಿದೆ, ಜನ ನೋಡುತ್ತಿದ್ದಾರೆ, ಹಾಡುವವರಿಲ್ಲ. ಮಾವನ ಆಸೆ ಮಣ್ಣುಪಾಲಾಗಲು ಬಿಡಬಾರದೆಂದು ನಾನೇ ಹಾಡಿದೆ. ಹೌದು, ನಾನೇ. ರೋಸಿ ಯಾವ ಫೆರಿಗಾಗಿ ಯಾವ ದಿಕ್ಕಿಗೆ ಓಡಿದಳೋ ನನಗೆ ತಿಳಿಯದು, ಪದಗಳು ಒಂದೂ ಗೊತ್ತಿರಲಿಲ್ಲ. ಹಾಗಾಗಿ ಇಡೀ ಹಾಡನ್ನು 'ಪೋಂ ಪೋಂ' ಒಂದರಲ್ಲೇ ಮುಗಿಸುವ ಪ್ರಯತ್ನ ಮಾಡಿದೆ. ಮೇಲಿನ ಮನೆಯೊಂದರ ಕಿಟಕಿ ದಢಾರನೆ ಮುಚ್ಚಿತು. ಸೊಂಟ ತೂಗುತ್ತಿದ್ದ ಅಜ್ಜಿ ತೂಗುವುದನ್ನು ನಿಲ್ಲಿಸಿ ಚೀಲ ಎತ್ತಿಕೊಂಡು ಹೊರಟುಹೋದರು. ನಿಧಿ ಬಂದು ಸ್ಪೀಕರಿನ ವೈರ್ ಎಳೆದಳು. "ಸಾಕು ಲಾ ಅಪ್ಪಾ, ಪ್ಲೀಸ್."

ಅಷ್ಟು ಹೊತ್ತಿಗೆ ಅಂಕಲ್ ಪೇಟ, ಶಾಲು, ಹಾರ ತೆಗೆದಿಟ್ಟು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

ಮಾವ ಮೂರನೆಯ ಸಲ ಎದ್ದರು. ಈ ಸಲ ನನ್ನ ಕೈಯಲ್ಲಿ ಮೈಕಿದ್ದರೂ ಅದಕ್ಕೆ ಜೀವವಿರಲಿಲ್ಲ. ಅವರು ನೇರವಾಗಿ ಅಂಕಲ್‌ರ ಮುಂದೆ ಹೋಗಿ ನಿಂತರು. "ಸರ್, ದಯವಿಟ್ಟು ಆ ಮೊದಲನೇ ಹಾಡು ಪೂರ್ತಿ ಹಾಡ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಲ್ಯಾಂಪ್ಸ್ ಬೈ ದಿ ಜೆಟ್ಟಿ."

ಅಂಕಲ್‌ರ ಕೈ ಬೀಗದ ಮೇಲೆಯೇ ನಿಂತಿತು. "ನಿಮಗೆ ಅದರ ಹೆಸರು ಹೇಗೆ ಗೊತ್ತು?"

ಆಮೇಲೆ ತಿಳಿದದ್ದು ಇಷ್ಟು. ಆ ಕಾಲದ ಪುಟ್ಟ ರೆಕಾರ್ಡಿಗೆ ಎರಡು ಮುಖ, ಮುಖಕ್ಕೊಂದು ಹಾಡು. ಮುಂದೆ ರೋಸಿ, ಹಿಂದೆ ಈ ಜೆಟ್ಟಿಯ, ಎಂದರೆ ದೋಣಿಕಟ್ಟೆಯ, ದೀಪಗಳು. ಹಾಸ್ಟೆಲಿನ ಹುಡುಗರು ರೋಸಿಯನ್ನು ತಿರುಗಿಸಿ ತಿರುಗಿಸಿ ಆ ಮುಖ ಸವೆದು ಗೀಚಿಹೋಯಿತು. ಎಲ್ಲರೂ ರೆಕಾರ್ಡನ್ನು ಮೂಲೆಗೆಸೆದ ಮೇಲೆ ಮಾವ ಅದನ್ನು ಮಗುಚಿ ಹಾಕಿ ಕೇಳಿದರು. ಆಮೇಲೆ ಬೇರೇನೂ ಕೇಳಲಿಲ್ಲ. ಎಲ್ಲೂ ಸಿಗಲಿಲ್ಲ ಎಂದರಲ್ಲ, ಸಿಗದೆ ಇದ್ದದ್ದು ಆ ಹಿಂದಿನ ಮುಖ.

"ನಾನು ಮಗು ಆಗಿದ್ದಾಗ ಅಪ್ಪ ಇದನ್ನೇ ಗುನುಗಿ ನನ್ನ ಮಲಗಿಸ್ತಿದ್ರು ಕಣ್ರೀ" ಎಂದಳು ಮಾಲಿನಿ. ಅವಳ ಕಣ್ಣು ತುಂಬಿತ್ತು. "ನನಗೆ ಪದ ಗೊತ್ತಿರ್ಲಿಲ್ಲ, ಟ್ಯೂನ್ ಅಷ್ಟೇ ಗೊತ್ತಿತ್ತು. ಅವರು ಶುರು ಮಾಡಿದ ತಕ್ಷಣ ಗೊತ್ತಾಯ್ತು. ನಿಲ್ಲಿಸ್ಬೇಡಿ ನಿಲ್ಲಿಸ್ಬೇಡಿ ಅಂತ ಎಷ್ಟು ಕೈ ಬೀಸಿದೆ, ನೀವು ಹೋಗಿ ಮೈಕ್ ಕಿತ್ಕೊಂಡ್ರಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ವಾಯ್ಡ್ ಡೆಕ್ಕಿನ ಸಿಮೆಂಟ್ ನೆಲ, ಬಾಯಿ ಬಿಡಲಿಲ್ಲ.

ಪರ್ಸಿ ಅಂಕಲ್ ಪೆಟ್ಟಿಗೆ ತೆರೆದರು. ಮಾವನಿಗೆ ಪಕ್ಕದಲ್ಲಿ ಕುರ್ಚಿ ತೋರಿಸಿದರು. "ಐವತ್ತು ವರ್ಷದಲ್ಲಿ ಈ ಹಾಡೇ ಬೇಕು ಎಂದು ಕೇಳಿದವರು ನೀವೊಬ್ಬರೇ ಲಾ" ಎಂದು ಹೇಳಿ, ಮೈಕಿಲ್ಲದೆ ಮೊದಲಿನಿಂದ ಹಾಡಿದರು. ಕೊನೆಯ ಚರಣಕ್ಕೆ ಮಾವನೂ ಸೇರಿದರು. ಮಾವ ಹಾಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಸ್ವರ ನಡುಗುತ್ತಿತ್ತು, ಪದ ಒಂದೂ ತಪ್ಪಲಿಲ್ಲ. ಯಾರೂ ಆಕಳಿಸಲಿಲ್ಲ.

ಹಾಡು ಮುಗಿದ ಮೇಲೆ ಮಾವ ಆ ಪೇಟವನ್ನು ತಾವೇ ತೆಗೆದು, ಒಳಗೆ ಕರವಸ್ತ್ರ ಮಡಚಿಟ್ಟು ಅಂಕಲ್‌ರ ತಲೆಗೆ ಸರಿಯಾಗಿ ಕೂರಿಸಿದರು. ಇಬ್ಬರೂ ಹಳೆಯ ಸಹಪಾಠಿಗಳ ಹಾಗೆ ಅಕ್ಕಪಕ್ಕ ಕುಳಿತರು. ನಾನು ಅಂಕಲ್‌ರ ಹತ್ತಿರ ಹೋಗಿ ಕ್ಷಮೆ ಕೇಳಿ, ಹೋಳಿಗೆ ಬೇಕೇ ಎಂದೆ. ಬೇಡ ಎಂದರು. ಹಾಕಲಿಲ್ಲ.

ಕಾರ್ಯಕ್ರಮ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಹಿಂದಿನ ಸಾಲಿನಿಂದ ಕೂಗು ಬಂತು. "ಕಂಡಕ್ಟರ್! ಕಂಡಕ್ಟರ್ ಐಟಂ ಮಾಡಿ ಸಾರ್!"

ಆ ಕ್ಷಣ ನನಗೆ ಜ್ಞಾನೋದಯವಾಯಿತು. ನಾನೂ ಪರ್ಸಿ ಅಂಕಲ್ಲೂ ಒಂದೇ ದೋಣಿಯವರು. ಅವರಿಗೆ ರೋಸಿ, ನನಗೆ ಕಂಡಕ್ಟರ್. ಅವರಿಗೆ ಹಿಂದಿನ ಮುಖವಿದ್ದ ಹಾಗೆ ನನಗೂ ಇದೆ, ಜೇಬಿನಲ್ಲಿ. ಗಂಭೀರವಾಗಿ ಎದ್ದು ನಿಂತು, "ಕ್ಷಮಿಸಿ, ಆ ಐಟಂ ಮಾಡುವುದನ್ನು ನಾನು ಬಿಟ್ಟಿದ್ದೇನೆ" ಎಂದೆ.

ಆಗ ಮಾವ ನನ್ನ ಕಡೆ ತಿರುಗಿ, ಮದುವೆಯಾದಾಗಿನಿಂದ ಎಂದೂ ಕಾಣದ ಮಮತೆಯಿಂದ ಹೇಳಿದರು. "ಪಾಪ, ನಿಮ್ಮದೂ ಬೇರೆ ಏನಾದ್ರೂ ಇರುತ್ತೆ. ಅಳಿಯಂದ್ರೇ, ನಿಮಗೆ ಇಷ್ಟವಾದದ್ದು ಮಾಡಿ. ನಾವು ಕೇಳ್ತೀವಿ."

ನನ್ನ ಕಣ್ಣು ಒದ್ದೆಯಾಯಿತು. ಜೇಬಿನಿಂದ ಕಾಗದ ತೆಗೆದೆ. 'ಸಿಂಗಾಪುರದಲ್ಲಿ ಸಾಂಬಾರು: ಒಂದು ಸಾಂಸ್ಕೃತಿಕ ಅವಲೋಕನ'. ನಗೆಬರಹ. ವರ್ಷಗಟ್ಟಲೆ ತಿದ್ದಿ ತೀಡಿದ್ದು. ಪೀಠಿಕೆ ಓದಿದೆ. ಯಾರೂ ನಗಲಿಲ್ಲ, ಪೀಠಿಕೆಯಲ್ಲಿ ನಗಬಾರದು ಎಂದುಕೊಂಡೆ. ತೊಗರಿಬೇಳೆಯ ಭಾಗಕ್ಕೆ ಬಂದೆ. ಒಂದು ಮಗು ಅತ್ತಿತು, ಅದನ್ನು ಎತ್ತಿಕೊಂಡು ಮೂರು ಸಂಸಾರಗಳು ಹೊರಗೆ ಹೋದವು. ಮಾತು ಅರ್ಥವಾಗದ ಪರ್ಸಿ ಅಂಕಲ್, ಮುಗಿಯಿತೆಂದು ತಿಳಿದು ಸೌಜನ್ಯದಿಂದ ಚಪ್ಪಾಳೆ ತಟ್ಟಿದರು. ನಾನು ಹುಣಸೆಹಣ್ಣಿಗೆ ಕಾಲಿಟ್ಟೆ.

ಮಾವನ ಕಡೆ ನೋಡಿದೆ. ಕಣ್ಣು ಮುಚ್ಚಿದ್ದರು. ಇಷ್ಟರಲ್ಲಿ ನಾನು ಪಾಠ ಕಲಿತಿದ್ದೆನಲ್ಲ, ಮಾವ ಕಣ್ಣು ಮುಚ್ಚಿದರೆ ತನ್ಮಯರಾಗಿದ್ದಾರೆ ಎಂದರ್ಥ. ಇಮ್ಮಡಿ ಉತ್ಸಾಹದಿಂದ ಇಂಗಿನ ಇತಿಹಾಸ ಓದತೊಡಗಿದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ಮಾಲಿನಿ ಭುಜ ಅಲುಗಿಸಿದಳು. ಮಾವ ಕಣ್ಣು ಬಿಟ್ಟು, ನನ್ನನ್ನು ನೋಡಿ, ಕೈಯಲ್ಲಿ ಇನ್ನೂ ಉಳಿದಿದ್ದ ಕಾಗದಗಳ ದಪ್ಪ ನೋಡಿದರು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಆ ಕಂಡಕ್ಟರ್‌ದೇ ಮಾಡ್ಬಿಡಿ."

ಕಾಗದ ಮಡಚಿ ಜೇಬಿಗಿಟ್ಟೆ. "ಬೇಡ ಮಾವ" ಎಂದು ಒಂದು ಸಲ ಅನ್ನಬಹುದಿತ್ತು. ಯಾರಾದರೂ ಅದನ್ನು ನಂಬಿಬಿಟ್ಟರೆ ಎಂದು ಹೆದರಿ ಅನ್ನಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು, "ಒಳಗ್ ಹೋಗ್ರೀ ಸ್ವಾಮಿ, ಹಿಂದೆ ಪೂರ್ತಿ ಖಾಲಿ ಬಿದ್ದಿದೆ" ಎಂದೆ. ಹೊರಗೆ ಹೋಗಿದ್ದ ಮೂರೂ ಸಂಸಾರಗಳು ಓಡಿ ಬಂದವು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ನಗು ನಿಂತ ಮೇಲೆ ಪಕ್ಕದಲ್ಲಿದ್ದ ಪರ್ಸಿ ಅಂಕಲ್‌ರ ಮೊಣಕೈ ತಟ್ಟಿ, ಇಂಗ್ಲಿಷಿನಲ್ಲಿ, "ಪರವಾಗಿಲ್ಲ ನಮ್ಮ ಅಳಿಯ, ಇದೊಂದನ್ನ ಚೆನ್ನಾಗಿ ಮಾಡ್ತಾರೆ" ಎಂದರು.